ಕೋರಾ ಬಟ್ಟೆಯೊಳಗೆ

ಸೀಸೆ ಹಳದಿಯಾಗಿತ್ತು. ತಾರವ್ವ ಅದನ್ನು ಮೊದಲು ಕಿಟಕಿಯ ಬೆಳಕಿಗೆ ಹಿಡಿದಳು, ಆಮೇಲೆ ಟ್ಯೂಬ್‌ಲೈಟಿಗೆ, ಕೊನೆಗೆ ತನ್ನ ಬಿಳಿ ಏಪ್ರನ್ನಿನ ಎದುರಿಗೆ. ಮೂರೂ ಕಡೆ ಹಳದಿಯೇ. ಕಿರುಬೆರಳುದ್ದದ ಪ್ಲಾಸ್ಟಿಕ್ ಸೀಸೆ, ಅದರೊಳಗೆ ಒಂದು ಚಮಚೆಯೂ ತುಂಬದಷ್ಟು ರಸ. ಶನಿವಾರ ಮಧ್ಯಾಹ್ನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟಾಗ ರಸ ನೇರಳೆ ಹಣ್ಣಿನ ಬಣ್ಣದ್ದಿತ್ತು, ಸೋಮವಾರವೂ ಅದೇ ಬಣ್ಣದ್ದಿರಬೇಕಿತ್ತು. ಗಡಹಿಂಗ್ಲಜದ ಈ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ, ಆಪರೇಷನ್ನಿನ ಕತ್ತರಿ ಚಿಮಟಗಳನ್ನು ತೊಳೆದು, ಬಟ್ಟೆಯಲ್ಲಿ ಗಂಟು ಕಟ್ಟಿ, ಉಗಿಯ ಯಂತ್ರದಲ್ಲಿ ಬೇಯಿಸಿ ಕೊಡುವ ಕೆಲಸಕ್ಕೆ ಅವಳು ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಸೀಸೆ ಇಡುವ ಪದ್ಧತಿ ಬಂದು ಆರು ವರ್ಷ. ವಾರಕ್ಕೊಂದರಂತೆ ಎಷ್ಟು ಸೀಸೆ ನೋಡಿದ್ದಳೋ, ಒಂದೂ ಅವಳಿಗೆ ಎದುರು ಮಾತಾಡಿರಲಿಲ್ಲ. ಪೆಟ್ಟಿಗೆಯಲ್ಲಿ ಪ್ರತಿ ಸಲ ಎರಡು ಇರುತ್ತವೆ. ಒಂದು ಯಂತ್ರದ ಮುಖವನ್ನೇ ನೋಡದ್ದು. ಅದು ಹಳದಿಯಾಗಲೇಬೇಕು, ಒಳಗಿನ ಜೀವಾಣುಗಳು ನಿಜವಾಗಿ ಬದುಕಿದ್ದವು ಎನ್ನುವುದಕ್ಕೆ ಅದೇ ಸಾಕ್ಷಿ. ಇನ್ನೊಂದು ಗಂಟಿನ ನಟ್ಟನಡುವೆ ಕೂತು ಉಗಿಯಲ್ಲಿ ಬೆಂದು ಬಂದದ್ದು. ಅದು ನೇರಳೆಯಾಗಿಯೇ ಉಳಿದರೆ ಸತ್ತವು ಎಂದು ಅರ್ಥ. ಇವತ್ತು ಎರಡೂ ಒಂದೇ ತಾಯಿಯ ಮಕ್ಕಳಂತೆ ಕೂತಿದ್ದವು. ಚೀಟಿ ಅದಲುಬದಲಾಯಿತೇ ಎಂದು ಕನ್ನಡಕ ಏರಿಸಿ ನೋಡಿದಳು. ಇಲ್ಲ, ಅವಳದೇ ಪೆನ್ಸಿಲ್ ಗುರುತು, ಅವಳದೇ ವಾರೆ ಅಕ್ಷರ. ಆಗ ಅವಳ ಎದೆಯಲ್ಲಿ ಮೊದಲು ಎದ್ದದ್ದು ಭಯವಲ್ಲ. ಭಯ ಆಮೇಲೆ ಬಂತು, ಬರಬೇಕಾದ ಹೊತ್ತಿಗೆ ಸರಿಯಾಗಿ ಬಂತು. ಅದಕ್ಕೂ ಮೊದಲು, ಅರೆಕ್ಷಣ, ದೂರದ ನಂಟರು ಯಾರೋ ದೊಡ್ಡ ಆಪತ್ತಿನಿಂದ ಪಾರಾಗಿ ಬಂದು ಬಾಗಿಲಲ್ಲಿ ನಿಂತಂತೆ, ಉಳಕೊಂಡಿಯಲ್ಲ ಎಂದು ಮನಸ್ಸು ಅಂದುಬಿಟ್ಟಿತ್ತು. ಹಾಗೆ ಅಂದದ್ದಕ್ಕೆ ಅವಳ ಕಿವಿ ಬಿಸಿಯಾದವು. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಸೀಸೆಯನ್ನು ಸೆರಗಿನ ಮರೆಗೆ ತಂದಳು.

ಅದನ್ನು ಮೆಚ್ಚಲು ಅವಳಿಗೆ ಕಲಿಸಿದ್ದು ಕೊಲ್ಹಾಪುರ. ಆರು ವರ್ಷದ ಹಿಂದೆ ಎರಡು ದಿನದ ತರಬೇತಿಗೆ ಅವಳನ್ನು ಕಳಿಸಿದ್ದರು. ಊಟವಾದ ಮೇಲೆ ಸುತ್ತಲಿನ ಊರುಗಳ ಆಸ್ಪತ್ರೆಯವರೆಲ್ಲ ತೂಕಡಿಸುತ್ತಿದ್ದಾಗ ಸಾಯಲಿ ಮ್ಯಾಡಮ್ ಎನ್ನುವ ಸಣಕಲು ಹುಡುಗಿ ಹಲಗೆಯ ಮೇಲೆ ಒಂದು ದುಂಡು ಬರೆದು, ಅದರೊಳಗೆ ಇನ್ನೊಂದು ದುಂಡು ಬರೆದು, ಮರಾಠಿಯಲ್ಲಿ ಮೆಲ್ಲಗೆ ಹೇಳುತ್ತ ಹೋದಳು. ಹೊಟ್ಟೆಗಿಲ್ಲದ ಕಾಲ ಬಂತೆಂದರೆ ಕೆಲವು ಜಾತಿಯ ಜೀವಾಣು ಸಾಯಲು ಒಪ್ಪುವುದಿಲ್ಲ. ತನ್ನೊಳಗೇ ಒಂದು ಸಣ್ಣ ಕೋಣೆ ಕಟ್ಟುತ್ತದೆ. ತನ್ನ ವಂಶದ ಬರಹವನ್ನೆಲ್ಲ ಅದರೊಳಗೆ ಮಡಚಿಟ್ಟುಕೊಳ್ಳುತ್ತದೆ. ನೀರನ್ನು ಆದಷ್ಟು ಹೊರಗೆ ಹಾಕುತ್ತದೆ, ಏಕೆಂದರೆ ನೀರಿದ್ದಲ್ಲಿ ಬಿಸಿ ಬೇಗ ಕೇಡು ಮಾಡುತ್ತದೆ. ಆ ಜಾಗದಲ್ಲಿ ಸುಣ್ಣದ ಸತ್ವ ಸೇರಿದ ಒಂದು ಉಪ್ಪನ್ನು ತುಂಬಿಕೊಳ್ಳುತ್ತದೆ. ಸುತ್ತ ದಪ್ಪ ಗೋಡೆ, ಗೋಡೆಯ ಮೇಲೆ ಚಿಪ್ಪು, ಚಿಪ್ಪಿನ ಮೇಲೆ ಮತ್ತೊಂದು ಚಿಪ್ಪು. ಕಟ್ಟಿ ಮುಗಿದ ಮೇಲೆ ಹಳೆಯ ಮೈ ಕಳಚಿ ಬೀಳುತ್ತದೆ, ಒಳಕೋಣೆ ಉಳಿಯುತ್ತದೆ. ಇನ್ನು ಅದು ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ಬೆಳೆಯುವುದಿಲ್ಲ. ಕುದಿಯುವ ನೀರಿನಲ್ಲಿ ಹಾಕಿದರೆ ಕೂತಿರುತ್ತದೆ. ಸ್ಪಿರಿಟ್ಟಿನಲ್ಲಿ ಮುಳುಗಿಸಿದರೆ ಸ್ಪಿರಿಟ್ಟು ಆರಿಹೋಗುವ ತನಕ ಕೂತಿರುತ್ತದೆ. ಫಿನೈಲಿಗೆ ಜಗ್ಗುವುದಿಲ್ಲ. ಮಣ್ಣಿನಲ್ಲಿ ಹತ್ತಾರು ವರ್ಷ ಹಾಗೇ ಇದ್ದು, ಒಂದು ದಿನ ಬೆಚ್ಚಗೆ, ಹಸಿಯಾಗಿ, ತಿನ್ನಲು ಏನಾದರೂ ಸಿಕ್ಕಿತೆಂದರೆ ಅಷ್ಟೇ ಸಾಕು, ಬಾಗಿಲು ತೆರೆದು ಹೊರಗೆ ಬರುತ್ತದೆ. ತಾರವ್ವ ತಡೆಯಲಾರದೆ ಕೈ ಎತ್ತಿ, ತನ್ನ ಅರ್ಧಂಬರ್ಧ ಮರಾಠಿಯಲ್ಲಿ, ಹಾಗಾದರೆ ಇದು ಬೀಜವೇ ಎಂದು ಕೇಳಿದಳು. ಹಿಂದಿನ ಸಾಲಿನವರು ನಕ್ಕರು. ಮ್ಯಾಡಮ್ ನಗಲಿಲ್ಲ. ಬೀಜವಲ್ಲ, ಒಂದು ಗಿಡ ನೂರು ಬೀಜ ಬಿಡುತ್ತದೆ, ಇಲ್ಲಿ ಒಳಗೆ ಹೋಗುವುದೂ ಒಂದೇ, ಹೊರಗೆ ಬರುವುದೂ ಒಂದೇ, ಇದು ಮಕ್ಕಳಿಗೆ ಕಟ್ಟಿದ ಮನೆಯಲ್ಲ, ಹೊರಗಿನ ಕಾಲ ಕಳೆಯುವ ತನಕ ತಾನೇ ಇರುವುದಕ್ಕೆ ಕಟ್ಟಿಕೊಂಡದ್ದು ಎಂದಳು. ಸಂಜೆಯ ಬಸ್ಸಿನಲ್ಲಿ, ಕಾಗಲ್ ದಾಟಿದ ಮೇಲೆ, ತಾರವ್ವ ಕಿಟಕಿಯ ಸರಳಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಎಷ್ಟು ಜನ ಮಲಗಿದ್ದಾರೋ ಇದರಲ್ಲಿ. ಕಣ್ಣಿಗೂ ಕಾಣದಷ್ಟು ಸಣ್ಣದರ ತಾಳ್ಮೆಯ ಮುಂದೆ ತನ್ನ ತಾಳ್ಮೆ, ಊರವರೆಲ್ಲ ಹೊಗಳುವ ತಾರವ್ವನ ತಾಳ್ಮೆ, ಒಂದು ಗಳಿಗೆಯ ನಾಟಕದಂತೆ ಕಂಡಿತ್ತು.

ಸೀಸೆಯೊಳಗೆ ಇಡುವ ಜಾತಿ ಮನುಷ್ಯರಿಗೆ ಏನೂ ಮಾಡದ್ದು. ಉಗಿಗೆ ಎಲ್ಲಕ್ಕಿಂತ ಹೆಚ್ಚು ತಡೆದು ನಿಲ್ಲುವುದು ಅದು, ಅದಕ್ಕೇ ಅದನ್ನು ಆರಿಸಿದ್ದಾರೆ. ಅದು ಸತ್ತರೆ ಉಳಿದವೆಲ್ಲ ಸತ್ತಿವೆ. ಅದು ಉಳಿದರೆ, ಧನುರ್ವಾಯುವಿನದೋ, ಗಾಯವನ್ನು ಕೊಳೆಸುವುದೋ, ಯಾವುದು ಸತ್ತಿತು ಯಾವುದು ಉಳಿಯಿತು ಎಂದು ಆಣೆ ಮಾಡಿ ಹೇಳುವವರು ಯಾರೂ ಇಲ್ಲ. ತಾರವ್ವ ಕಪಾಟಿನ ಬಾಗಿಲು ತೆಗೆದಳು. ಶನಿವಾರ ಮೂರು ಗಂಟು ಬೆಂದಿದ್ದವು. ಎರಡು ಅಲ್ಲಿಯೇ ಕೂತಿದ್ದವು, ಬೆಳ್ಳಗೆ, ಅಂಚು ಮುರಿಯದ ಹೊಸ ಮಡಿಕೆಯಲ್ಲಿ. ಮೂರನೆಯದರ ಜಾಗ ಖಾಲಿ. ರಿಜಿಸ್ಟರ್ ತೆಗೆಯುವ ಅಗತ್ಯವೇ ಇರಲಿಲ್ಲ. ಭಾನುವಾರ ಮಧ್ಯಾಹ್ನ ಆಜರಾ ಕಡೆಯಿಂದ ಬಸುರಿಯೊಬ್ಬಳನ್ನು ತಂದಿದ್ದರು, ಕೂಸು ಅಡ್ಡ ತಿರುಗಿತ್ತು, ಹೊಟ್ಟೆ ಕೊಯ್ದು ತೆಗೆದಿದ್ದರು. ಗಂಟನ್ನು ಬಾಗಿಲ ತನಕ ಕೊಂಡೊಯ್ದು ಕೊಟ್ಟವಳು ಇವಳೇ. ಅವಳ ಹೆಸರು ಸರಿತಾ ಎಂದು, ಹೆಣ್ಣು ಕೂಸು ಎಂದು, ತಾಯಿ ಮಗು ಆರಾಮ ಎಂದು ಬೆಳಿಗ್ಗೆ ಬರುವಾಗಲೇ ಬಾಗಿಲಲ್ಲಿ ಕೇಳಿದ್ದಳು. ಆರಾಮ ಎನ್ನುವ ಮಾತು ಈಗ ಬೇರೆಯಾಗಿ ಕೇಳಿಸಿತು. ಅವಳು ಉಳಿದ ಗಂಟಿನ ಮೇಲೆ ಕೈಯಿಟ್ಟು, ಹೆಬ್ಬೆರಳಿಂದ ಬಟ್ಟೆಯನ್ನು ತಿಕ್ಕಿದಳು. ಬಿರುಸು. ಗಂಜಿಯ ವಾಸನೆ ಬೆಂದ ಮೇಲೂ ಹೋಗಿರಲಿಲ್ಲ. ತಿಕ್ಕಿದ ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡಳು, ಯಾರೋ ನೋಡುತ್ತಿದ್ದಾರೆ ಎನ್ನುವ ಹಾಗೆ.

ಬಟ್ಟೆ ಇಚಲಕರಂಜಿಯದು. ಆಸ್ಪತ್ರೆಯ ಡಾಕ್ಟರ್ ಆಶಿಷರ ಸೋದರಮಾವ ಜಿನಗೊಂಡ ಅಣ್ಣಾರಿಗೆ ಅಲ್ಲಿ ಮಗ್ಗಗಳಿವೆ; ತೀರಿಹೋದ ತಮ್ಮ ತಾಯಿ ಜಿನಮತಿಯವರ ಹೆಸರಿನಲ್ಲಿ ಆಸ್ಪತ್ರೆಗೆ ಸುರುಳಿ ಸುತ್ತಿದ ನಲವತ್ತು ತಾನು ಬಟ್ಟೆ ಕೊಡುತ್ತೇನೆ ಎಂದು ಶನಿವಾರ ತಾವೇ ಗಾಡಿಯಲ್ಲಿ ತಂದರು. ಬಿಳಿ ಅಂಗಿ, ಬಿಳಿ ಟೋಪಿ, ಮಾತಿಗೊಮ್ಮೆ ಕೈ ಜೋಡಿಸುವ ಮನುಷ್ಯ. ಚಪ್ಪಲಿಯನ್ನು ಹೊರಗೆ ಬಿಟ್ಟು ಈ ಕೋಣೆಗೆ ಬಂದು ನಿಂತರು. ಹತ್ತೊಂಬತ್ತು ವರ್ಷದಲ್ಲಿ ಈ ಕೋಣೆಗೆ ಚಪ್ಪಲಿ ಬಿಟ್ಟು ಬಂದ ದೊಡ್ಡವರು ಅವರೊಬ್ಬರೇ. ಗುಡಿಗೆ ಬಂದಂತೆ ಬಂದಾರಲ್ಲ ಎಂದು ತಾರವ್ವನ ಮೈ ಹಿಗ್ಗಿತ್ತು, ಆ ಹಿಗ್ಗೇ ಕುತ್ತಾಯಿತು. ಹೊಸ ಬಟ್ಟೆಯನ್ನು ಗಂಟು ಕಟ್ಟುವ ಮೊದಲು ಎರಡು ಸಲ ತೊಳೆಯಬೇಕು, ಗಂಜಿ ಪೂರ್ತಿ ಬಿಡಬೇಕು, ಇಲ್ಲದಿದ್ದರೆ ಉಗಿ ಎಳೆಗಳ ನಡುವೆ ದಾರಿ ಕಾಣದೆ ಹೊರಗೇ ನಿಲ್ಲುತ್ತದೆ, ಒಳಗೆ ಬರೀ ಒಣ ಬಿಸಿ ಮುಟ್ಟುತ್ತದೆ. ಒಣ ಬಿಸಿಗೆ ಆ ಚಿಪ್ಪಿನವರು ಅಂಜುವುದಿಲ್ಲ. ಸಾಯಲಿ ಮ್ಯಾಡಮ್ ಇದನ್ನು ಎರಡು ಸಲ ಹೇಳಿದ್ದಳು. ತಾರವ್ವ ಬಟ್ಟೆಯನ್ನು ತೊಟ್ಟಿಯ ಕಡೆ ಒಯ್ಯಲು ಎತ್ತಿಕೊಂಡಿದ್ದಳು ಕೂಡ. ಆಗ ಅಣ್ಣಾರು ತಡೆದರು. ಕೋರಾ ಐತಿ ತಾರಾಬಾಯಿ, ಮಗ್ಗದಿಂದ ಇಳಿಸಿದ ಮ್ಯಾಲ ಯಾರ ಕೈನೂ ಬಿದ್ದಿಲ್ಲ, ಅವ್ವನ ಹೆಸರಿನ ಅರಿವಿ ಮೊದಲ ಸಲ ಕೆಲಸ ಕಾಣಬೇಕು, ತೊಳೆಯೋ ಕಲ್ಲ ಕಾಣಬಾರದು ಎಂದರು. ಅದರಲ್ಲಿ ತಪ್ಪೇನಿತ್ತು. ಅವಳ ಮನೆಯಲ್ಲೂ ದೇವರಿಗೆ ಹಾಸುವುದು ಕೋರಾ, ಉಡಿಗೆ ಕೊಡುವುದು ಕೋರಾ, ಸತ್ತವರ ಮೇಲೆ ಹೊದಿಸುವುದು ಕೋರಾ. ಒಮ್ಮೆ ನೀರು ಕಂಡ ಬಟ್ಟೆ ಬಳಸಿದ ಬಟ್ಟೆ. ಕೊಟ್ಟವರ ಕಣ್ಣೆದುರಿಗೇ ತೊಳೆಯುವುದೆಂದರೆ ನಿಮ್ಮ ಕೈ ಹೊಲಸು ಎಂದ ಹಾಗೆ. ಕುರಿ ಕಾಯುವವರ ಮನೆಯವಳು ಬಿಳಿ ಟೋಪಿಯ ಅಣ್ಣಾರಿಗೆ ಹಾಗೆ ಅನ್ನುವುದು ಹೇಗೆ. ಅವಳು ನಕ್ಕು, ಅವರ ಎದುರಿಗೇ ಮೂರು ಗಂಟು ಕಟ್ಟಿದಳು. ಬಟ್ಟೆ ಬಿರುಸಾಗಿತ್ತೆಂದು ಇನ್ನಷ್ಟು ಬಿಗಿಯಾಗಿಯೇ ಕಟ್ಟಿದಳು. ಯಂತ್ರದ ಬಾಗಿಲು ಮುಚ್ಚುವಾಗ ಅಣ್ಣಾರು, ಒಂದ ಸಲಕ್ಕ ಇದ್ರಾಗ ಎಷ್ಟ ಜೀವ ಹೋಗ್ತಾವ ಎಂದು ಮೆಲ್ಲಗೆ ಕೇಳಿದರು. ಎಣಿಸಾಕ ಬರೂದಿಲ್ಲರಿ ಎಂದಳು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ತಮ್ಮ ತಾಯಿ ಕುಡಿಯುವ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುತ್ತಿದ್ದದ್ದನ್ನು, ಸೋಸಿದ ಮೇಲೆ ಆ ಬಟ್ಟೆಯನ್ನು ಮೆಲ್ಲಗೆ ತಿರುವಿ, ಅದಕ್ಕೆ ಅಂಟಿದ ಕಾಣದ ಜೀವಗಳನ್ನು ಹೊಳ್ಳಿ ಅದೇ ಬಾವಿಗೆ ಬಿಟ್ಟು ಬರುತ್ತಿದ್ದದ್ದನ್ನು ಹೇಳಿದರು. ಆ ಮುದುಕಿಯನ್ನು ತಾರವ್ವ ನೋಡಿರಲಿಲ್ಲ. ಈಗ ಹಳದಿ ಸೀಸೆ ಹಿಡಿದು ನಿಂತಾಗ, ಬಾವಿಯ ದಂಡೆಯಲ್ಲಿ ಬಗ್ಗಿ ನಿಂತ ಅವಳ ಬೆನ್ನು ಎದುರಿಗೇ ಇದ್ದಂತೆ ಕಂಡಿತು. ಅವಳ ಹೆಸರಿನ ಬಟ್ಟೆ ಅವಳ ಕೆಲಸವನ್ನೇ ಮಾಡಿತ್ತು.

ಮಂಗಲಾ ಸಿಸ್ಟರ್ ಒಳಗೆ ಬಂದದ್ದು ಆಗ. ಆಸ್ಪತ್ರೆಯ ನರ್ಸುಗಳಿಗೆಲ್ಲ ಹಿರಿಯಳು, ಅವಳ ಚಪ್ಪಲಿಯ ಸದ್ದಿಗೇ ವಾರ್ಡು ನೆಟ್ಟಗಾಗುತ್ತದೆ. ಸೀಸೆಯನ್ನು ಅಡಗಿಸಲು ಹೊತ್ತು ಸಿಗಲಿಲ್ಲ. ಅವಳು ನೋಡಿದಳು, ಹುಬ್ಬು ಗಂಟಿಕ್ಕಿದಳು, ಕಪಾಟಿನ ಗಂಟನ್ನು ಎಳೆದು ಅದರ ಮೇಲಿನ ಕಾಗದದ ಪಟ್ಟಿಯನ್ನು ಉಗುರಿನಿಂದ ತಟ್ಟಿದಳು. ಬಿಸಿ ತಾಗಿದರೆ ಕರಿ ಗೆರೆ ಮೂಡುವ ಪಟ್ಟಿ ಅದು. ಗೆರೆಗಳು ಒಳ್ಳೆ ಕಪ್ಪಾಗಿದ್ದವು.

“ಪಟ್ಟಿ ಕರ್ರಗ ಆಗೇತಿ. ಗಂಟ ಬೆಂದೈತಿ. ಕುರಿ ಎಣಿಸಿದಂಗ ಜಂತು ಎಣಿಸ್ಕೋತ ಕುಂದರಬ್ಯಾಡ.”

“ಪಟ್ಟಿ ಹೊರಗಿಂದಷ್ಟ ಹೇಳತೈತ್ರಿ ಸಿಸ್ಟರ್.”

“ಹಂಗಾರ ಮಶೀನ್ ಕೆಟ್ಟೈತಿ. ಆ ವಿಕಾಸ ಹತ್ತ ದಿನದ ಹಿಂದ ರಬ್ಬರ್ ಹಾಕಿ ಹೋದನಲ್ಲ, ಅವಂದ ಕೆಲಸ ಇದು. ಕರೀತೇನಿ ತಡಿ.”

ತಾರವ್ವ ಬಾಯಿ ತೆರೆದಳು. ಸಿಸ್ಟರ್ ಆಗಲೇ ಫೋನು ಕಿವಿಗಿಟ್ಟಿದ್ದಳು. ಆ ಫೋನಿನಲ್ಲಿ ಆಚೆಯವನಿಗೆ ಬಿದ್ದ ಮಾತುಗಳನ್ನು ಕೇಳುತ್ತ ನಿಂತವಳಿಗೆ, ತನ್ನ ಮೇಲೆ ಬೀಳಬೇಕಾದ ಮಳೆ ಪಕ್ಕದ ಹೊಲದಲ್ಲಿ ಬಿದ್ದಂತೆ ಒಂದು ಹಗುರ ಬಂತು. ಸಿಸ್ಟರ್ ಫೋನು ಇಟ್ಟು, ಯಂತ್ರ ರಿಪೇರಿ ಆತು ಅಂತ ಬರೆದರ ಮುಗೀತು, ಬಾಣಂತಿ ಆರಾಮ ಅದಾಳ, ಸುಮ್ಮನ ಯಾಕ ಹೆದರಸೂದು, ಎರಡು ಗಂಟ ಬಿಚ್ಚಿ ಮತ್ತ ಬೇಯಿಸು, ಆ ಹೊಸ ಅರಿವ್ಯಾಗ ಇನ್ನೂ ಹತ್ತು ಕಟ್ಟಿಡು, ಬುಧವಾರ ಮೂರು ಆಪರೇಷನ್ ಅದಾವ ಎಂದು ಹೋದಳು. ಹತ್ತು ಗಂಟು. ತಾರವ್ವ ಮೂಲೆಯಲ್ಲಿ ಪೇರಿಸಿಟ್ಟ ಬಿಳಿ ತಾನುಗಳನ್ನು ನೋಡಿದಳು. ಅಷ್ಟಕ್ಕೂ ಸಿಸ್ಟರಿಗೆ ಬಟ್ಟೆಯ ಸಂಗತಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಈ ಕೋಣೆಯಲ್ಲಿ ಒಬ್ಬಳಿಗೇ.

ವಿಕಾಸ ಶಿರೋಳಿಯಿಂದ ಮೋಟರ್‌ಸೈಕಲ್ಲಿನಲ್ಲಿ ಬಂದ, ಹನ್ನೊಂದೂವರೆಗೆ. ಯಂತ್ರ ಮಾಡುವ ಕಂಪನಿಯ ಮೆಕ್ಯಾನಿಕ್, ನಲವತ್ತೈದರ ಆಸುಪಾಸಿನವ, ದಾರಕಟ್ಟಿದ ಕನ್ನಡಕ. ಸಿಸ್ಟರ್ ಅವನನ್ನು ಕಾರಿಡಾರಿನಲ್ಲೇ, ಪೇಷಂಟುಗಳ ಎದುರಿಗೇ ವಿಚಾರಿಸಿಕೊಂಡಳು. ಸೋಮವಾರದ ಸಾಲು ಅದನ್ನು ಬಾಯಿ ಬಿಟ್ಟು ಕೇಳಿತು. ಒಳಗೆ ಬಂದು ಅವನು ಏನೂ ಹೇಳದೆ ಅಂಗಿಯ ತೋಳು ಮಡಚಿ, ಬಾಗಿಲ ಸುತ್ತಿನ ರಬ್ಬರನ್ನು ಬೆರಳಿನಿಂದ ಇಂಚಿಂಚಾಗಿ ಮುಟ್ಟುತ್ತ ಹೋದ. ಚಿಕ್ಕಮ್ಮನನ್ನು ಕರೆಯುವಂತೆ, ಬ್ಯಾಟರಿ ಹಿಡೀರಿ ಮೌಶಿ ಎಂದ. ಹಿಡಿದಳು. ಅವನು ಕವಾಟ ಬಿಚ್ಚಿದ, ಜಾಲರಿ ತೊಳೆದ, ಒತ್ತಡದ ಮುಳ್ಳನ್ನು ತಾನು ತಂದ ಇನ್ನೊಂದು ಮುಳ್ಳಿಗೆ ಹೋಲಿಸಿದ. ಎಲ್ಲ ಸರಿ ಇತ್ತು. ಸರಿ ಇದ್ದಷ್ಟೂ ಅವನ ಮುಖ ಸಣ್ಣದಾಗುತ್ತ ಬಂತು, ತಪ್ಪು ಸಿಕ್ಕಿದ್ದರೆ ಅವನಿಗೆ ಹಗುರಾಗುತ್ತಿತ್ತು. ಹತ್ತ ದಿನದಾಗ ರಬ್ಬರ್ ಹೋಗೂದಿಲ್ಲ ಮೌಶಿ, ಆದ್ರ ಹಾಕಿದಾವ ನಾನ, ನಾ ಏನ್ ಹೇಳ್ಲಿ ಎಂದ. ಬ್ಯಾಟರಿಯ ಬೆಳಕು ಯಂತ್ರದ ಹೊಟ್ಟೆಯ ಗೋಡೆಯಿಂದ ಕೆಳಗೆ ಜಾರಿತು. ಅವನು ಅವಳ ಕೈಯನ್ನು ನೋಡಿ, ಸೋತ್ರೇನ, ಕುಂದರ್ರಿ ಎಂದ. ಅವಳು ಇಲ್ಲ ಎಂದಳು, ಬೆಳಕನ್ನು ನೆಟ್ಟಗೆ ಹಿಡಿದಳು, ಬೆಳಕಿನ ದುಂಡಿನಲ್ಲಿ ಅವಳ ಹುಟ್ಟೂರಿನ ತಗ್ಗಿನ ಹಸಿರು ಹುಲ್ಲು ಕಂಡಿತು.

ಹುಲ್ಲು ಅಷ್ಟು ಹಸಿರಾಗಿ ಬೇರೆಲ್ಲೂ ಇರಲಿಲ್ಲ. ಅಪ್ಪ ಮಲ್ಲಾರಿ ಆ ತಗ್ಗಿನಿಂದ ಕುರಿಗಳನ್ನು ಯಾವಾಗಲೂ ಅರ್ಧ ಮೈಲು ಸುತ್ತು ಹಾಕಿಸಿ ಹೊಡೆಯುತ್ತಿದ್ದ. ಅಜ್ಜನ ಕಾಲಕ್ಕೆ ಅಲ್ಲಿ ಒಂದೇ ದಿನ ಹದಿನೇಳು ಕುರಿ ಬಿದ್ದು, ಮೂಗಿನಿಂದ ಹೆಪ್ಪುಗಟ್ಟದ ಕರಿ ರಕ್ತ ಬಂದು, ಅಲ್ಲೇ ಹೂತು ಮೇಲೆ ಕಲ್ಲು ಪೇರಿಸಿದ್ದರಂತೆ. ಅದು ಅಲ್ಲೇ ಕುಂತೈತಿ ಎನ್ನುತ್ತಿದ್ದ ಅಪ್ಪ. ಯಾರು ಎಂದು ಕೇಳಿದರೆ ಹೆಸರು ಹೇಳುತ್ತಿರಲಿಲ್ಲ, ಆದರೆ ಆ ಕಡೆ ಮುಖ ಮಾಡಿ ಮಾತಾಡುವಾಗ ದನಿ ತಗ್ಗಿಸುತ್ತಿದ್ದ, ಹಿರಿಯರು ಮಲಗಿದ ಮನೆಯ ಮುಂದೆ ಹಾಯುವಂತೆ. ಅವಳಿಗೆ ಆಗ ಹತ್ತು ವರ್ಷ. ಒಂದು ಮಧ್ಯಾಹ್ನ ಜಾಲಿಯ ನೆರಳಿನಲ್ಲಿ ಕಣ್ಣು ಎಳೆಯಿತು, ಸುತ್ತು ಹಾಕುವ ದಾರಿ ಉದ್ದ ಎನ್ನಿಸಿತು, ತಗ್ಗಿಗೇ ಬಿಟ್ಟಳು. ಕುರಿಗಳು ಬಾಯಿ ತುಂಬ ಮೇಯ್ದವು. ನಾಲ್ಕನೆಯ ದಿನ ಮೂರು ಕುರಿ ಬಿದ್ದವು, ಅದೇ ಕರಿ ರಕ್ತ. ಅಪ್ಪ ಯಾರನ್ನೂ ಕೇಳಲಿಲ್ಲ. ಅದರ ಹಿಂದಿನ ದಿನ ಕುರಿ ಹೊಡೆದುಕೊಂಡು ಹೋಗಿದ್ದ ಆಳುಮಗ ಸಿದ್ದರಾಯನನ್ನು ನೋಡಿದ, ಅಷ್ಟೇ. ಸಿದ್ದರಾಯ ಆಣೆ ಮಾಡಿದ. ಆಣೆ ಮಾಡಿದವನ ಮಾತು ಯಾರಿಗೂ ಬೇಕಿರಲಿಲ್ಲ. ಕಂಬಳಿ ಹೆಗಲಿಗೆ ಹಾಕಿಕೊಂಡು, ಅವಳ ತಲೆ ಸವರಿ, ಶಾಣ್ಯಾಕಿ ಆಗು ಎಂದು ಹೇಳಿ ಹೋದ. ಅವನು ಸವರಿದ ಜಾಗ ಎಷ್ಟೋ ದಿನ ಉರಿಯುತ್ತಿತ್ತು. ಕೊಲ್ಹಾಪುರದ ಹಲಗೆಯ ಮುಂದೆ ಕೂತಾಗ ಅವಳಿಗೆ ಅದರ ಹೆಸರು ಸಿಕ್ಕಿತು, ಅಜ್ಜನ ಕಾಲದಿಂದ ಮಣ್ಣಿನಲ್ಲಿ ಕಾದಿದ್ದವನ ಹೆಸರು; ಅದೂ ಇದೇ ಚಿಪ್ಪಿನ ಜಾತಿಯ ಜೀವಾಣು. ಅಂಜಿಕೆಯ ಜೊತೆಗೆ ಆವತ್ತೂ ಬೆರಗೇ ಆಯಿತು. ಅಜ್ಜ ಸತ್ತ, ಕಲ್ಲು ಪೇರಿಸಿದವರೆಲ್ಲ ಸತ್ತರು, ಅದು ಮಾತ್ರ ಒಂದು ತುತ್ತು ತಿನ್ನದೆ, ಒಂದು ಹುಡುಗಿ ನಿದ್ದೆಹೋಗುವ ಮಧ್ಯಾಹ್ನಕ್ಕಾಗಿ ಕಾದು ಕೂತಿತ್ತು. ಇಷ್ಟು ತಿಳಿದ ಮೇಲೂ ಸಿದ್ದರಾಯನಿಗೆ ಒಂದು ಮಾತು ಹೇಳಿ ಕಳಿಸಲು ಅವನಿದ್ದಾನೋ ಇಲ್ಲವೋ ಎಂದು ಅವಳು ವಿಚಾರಿಸಿರಲಿಲ್ಲ. ವಿಚಾರಿಸಿದರೆ ಇದ್ದಾನೆ ಎಂದುಬಿಟ್ಟರೆ ಎನ್ನುವ ದಿಗಿಲು.

“ಮೌಶಿ, ಬೆಳಕು,” ಎಂದ ವಿಕಾಸ.

“ವಿಕಾಸ, ಬಿಡೊ. ಮಶೀನ್ ಛಲೋ ಐತಿ.”

ಅವನು ಯಂತ್ರದೊಳಗಿನಿಂದ ತಲೆ ಹೊರಗೆ ತೆಗೆದ. ಕನ್ನಡಕ ಮೂಗಿನ ತುದಿಗೆ ಜಾರಿತ್ತು.

“ಅರಿವಿ ತೊಳದಿರಲಿಲ್ಲ ನಾ. ಕೋರಾ ಕಟ್ಟೇನಿ. ಗೊತ್ತಿದ್ದ ಕಟ್ಟೇನಿ.”

ಅವನು ನೆಲದ ಮೇಲೆಯೇ ಕೂತುಬಿಟ್ಟ. ಎರಡೂ ಕೈ ಗ್ರೀಸಾಗಿದ್ದರಿಂದ ಮೊಣಕೈಯಿಂದ ಹಣೆಯ ಬೆವರು ಒರೆಸಿಕೊಂಡ. ಬೈಯುತ್ತಾನೆ ಎಂದು ಕಾದಳು. ಅವನು, ಇದನ್ನ ಹನ್ನೊಂದೂವರಿಗೆ ಹೇಳಬೇಕಿತ್ತಲ್ಲ ಮೌಶಿ ಎಂದಷ್ಟೇ ಅಂದ, ಬಹಳ ದಣಿದವನ ದನಿಯಲ್ಲಿ. ಗೋಡೆಯ ಗಡಿಯಾರ ಒಂದು ಗಂಟೆಗೆ ಐದು ನಿಮಿಷ ತೋರಿಸುತ್ತಿತ್ತು. ತಾರವ್ವ ಬ್ಯಾಟರಿ ಆರಿಸಿ, ಎರಡೂ ಸೀಸೆಗಳನ್ನು ಎತ್ತಿಕೊಂಡಳು.

ಡಾಕ್ಟರ್ ಆಶಿಷ ಊಟಕ್ಕೆ ಕೂತಿದ್ದರು, ಡಬ್ಬಿ ತೆರೆದಿತ್ತು. ತಾರವ್ವ ಮೇಜಿನ ಮೇಲೆ ಎರಡು ಸೀಸೆಗಳನ್ನೂ, ಬಟ್ಟೆಯ ಒಂದು ತುಂಡನ್ನೂ ಇಟ್ಟು, ಶನಿವಾರದಿಂದ ಮೊದಲುಮಾಡಿ ಹೇಳಿದಳು. ಅಣ್ಣಾರು ತಡೆದರು ಎನ್ನುವ ಮಾತು ತುದಿನಾಲಗೆಗೆ ಬಂತು, ನುಂಗಿದಳು. ತಡೆದದ್ದು ನಿಜ, ಆದರೆ ಅವರಿಗೆ ಉಗಿಯ ದಾರಿ ಗೊತ್ತಿರಲಿಲ್ಲ, ಇವಳಿಗೆ ಗೊತ್ತಿತ್ತು. ನಾಚಿಕಿಗೆ ಬಿದ್ದು ತೊಳೀಲಿಲ್ಲರಿ ಎಂದಳು. ಡಾಕ್ಟರು ಬಟ್ಟೆಯ ತುಂಡನ್ನು ಎತ್ತಿ, ಅದರ ಮೇಲೆ ಲೋಟದಿಂದ ಒಂದು ಹನಿ ನೀರು ಬಿಟ್ಟರು. ಹನಿ ಒಳಗೆ ಇಳಿಯಲಿಲ್ಲ, ಕೆಸುವಿನ ಎಲೆಯ ಮೇಲಿನಂತೆ ಕೂತಿತು. ಅವರು ಅದನ್ನು ನೋಡುತ್ತಲೇ ಇದ್ದರು. ದನಿ ಏರಿಸುವ ಮನುಷ್ಯನಲ್ಲ, ಅದಕ್ಕೇ ಹೆಚ್ಚು ತಾಗಿತು.

“ಎರಡ ದಿನ ಕೊಲ್ಹಾಪುರಕ್ಕ ಕಳಿಸಿದ್ದ ಯಾಕ ತಾರಾಬಾಯಿ?”

ಡಬ್ಬಿ ಮುಚ್ಚಿ ಅವರು ಎದ್ದರು. ಕೋರಾ ಬಟ್ಟೆಯೆಲ್ಲ ಕೋಣೆಯಿಂದ ಹೊರಗೆ ಹೋಗಬೇಕು. ಹಳೆ ಬಟ್ಟೆಯಲ್ಲಿ ಒಂದು, ಕೋರಾದಲ್ಲಿ ಒಂದು ಗಂಟು ಕಟ್ಟಿ, ಎರಡರೊಳಗೂ ಸೀಸೆ ಇಟ್ಟು ಇವತ್ತೇ ಅದೇ ಯಂತ್ರದಲ್ಲಿ ಹಾಕಬೇಕು. ಸೀಸೆ ಹೇಳುವ ತನಕ ಬುಧವಾರದ ಆಪರೇಷನ್ ಇಲ್ಲ. ವಿಕಾಸನ ಕಂಪನಿಗೆ ಯಂತ್ರದಲ್ಲಿ ದೋಷವಿಲ್ಲ ಎಂದು ತಾವೇ ಬರೆಯುವುದಾಗಿ ಹೇಳಿದರು. ಮಾವನಿಗೂ ತಾವೇ ಹೇಳುವುದಾಗಿ ಅಂದು, ಅವರಿಗ ಹೆಂಗ ಹೇಳಲಿ ಅಂತ ತಿಳೀವಲ್ಲದು ಎಂದು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಬಾಗಿಲಲ್ಲಿ ನಿಂತಿದ್ದ ಮಂಗಲಾ ಸಿಸ್ಟರ್, ಹಾಗಾದರೆ ಬಾಣಂತಿಗೆ ಏನು ಹೇಳುವುದು ಎಂದಳು. ಡಾಕ್ಟರು, ಇದ್ದದ್ದ ಹೇಳೂದು ಎಂದರು. ತಾರವ್ವ ನಾನೂ ಬರುತ್ತೇನೆ ಎಂದಾಗ ಸಿಸ್ಟರ್ ಅವಳನ್ನು ಮೊದಲ ಸಲ ನೋಡಿದವಳಂತೆ ನೋಡಿದಳು.

ಸರಿತಾ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿದ್ದಳು. ಇಪ್ಪತ್ತೈದಾದರೂ ಆಗಿತ್ತೋ ಇಲ್ಲವೋ. ಗೇರುಬೀಜ ಸುಲಿಯುವ ಕೆಲಸದವಳು. ಸಿಪ್ಪೆಯ ಎಣ್ಣೆ ತಿಂದು ಬೆರಳ ತುದಿಗಳು ಕಪ್ಪಾಗಿ ಬಿರಿದಿದ್ದವು, ಆ ಬೆರಳುಗಳ ನಡುವೆ ಕೂಸಿನ ತಲೆ ಸುಲಿದ ಗೇರುಬೀಜದಷ್ಟು ಬೆಳ್ಳಗೆ ಕಾಣುತ್ತಿತ್ತು. ಡಾಕ್ಟರು ನಿಂತುಕೊಂಡೇ ಮರಾಠಿಯಲ್ಲಿ ಹೇಳಿದರು: ಬಳಸಿದ ಸಾಮಾನಿನ ಪರೀಕ್ಷೆಯಲ್ಲಿ ಸಣ್ಣ ದೋಷ ಬಂದಿದೆ, ಸೋಂಕಾಗುವ ಸಂಭವ ಕಡಿಮೆ, ಔಷಧ ನಡೆದಿದೆ, ನಾಲ್ಕು ದಿನ ಹೆಚ್ಚು ಇರಬೇಕಾಗುತ್ತದೆ, ಜ್ವರ ಬಂದರೆ, ಗಾಯದ ನೋವು ಹೆಚ್ಚಾದರೆ ಕೂಡಲೇ ಹೇಳಬೇಕು. ಸರಿತಾ ತಲೆಯಾಡಿಸಿದಳು. ಅರ್ಥವಾಗದೆ ಆಡಿಸಿದ್ದು ಎಂದು ತಾರವ್ವನಿಗೆ ಗೊತ್ತಾಯಿತು. ದೊಡ್ಡವರ ಮುಂದೆ ತಾನೂ ಹಾಗೆಯೇ ತಲೆಯಾಡಿಸುವವಳು. ಹಾಲು ಕುಡಿಸಬಹುದೇ ಎಂದು ಮಾತ್ರ ಕೇಳಿದಳು. ಕುಡಿಸಬಹುದು, ಅದಕ್ಕೇನೂ ತೊಂದರೆಯಿಲ್ಲ ಎಂದು ಡಾಕ್ಟರು ಮುಂದಿನ ಹಾಸಿಗೆಗೆ ಹೋದರು.

ತಾರವ್ವ ಸ್ಟೂಲು ಎಳೆದುಕೊಂಡು ಕೂತಳು. ಕನ್ನಡದಲ್ಲಿ ಹೇಳಿದಳು. ನಿನ್ನ ಹೊಟ್ಟೆ ಕೊಯ್ದ ಸಾಮಾನು ಕಟ್ಟಿದವಳು ನಾನು, ಕಟ್ಟಿದ ಬಟ್ಟೆ ತೊಳೆದಿರಲಿಲ್ಲ, ಅದಕ್ಕೆ ಉಗಿ ಒಳಗೆ ಹೋಗಲಿಲ್ಲ, ಒಳಗೆ ಒಂದೋ ಎರಡೋ ಜೀವ ಉಳಿದಿರಬಹುದು, ಉಳಿಯದೆಯೂ ಇರಬಹುದು. ಎಂಥ ಜೀವ ಎಂದು ಸರಿತಾ ಕೇಳಿದಳು. ಗೇರುಬೀಜಕ್ಕೆ ಇದ್ದ ಹಾಗೆ ಅದಕ್ಕೂ ಚಿಪ್ಪಿರುತ್ತದೆ ಎಂದು ಶುರುಮಾಡಿದ ತಾರವ್ವ, ನೀರು ಬಿಟ್ಟು ಬದುಕುವುದನ್ನು, ಕುದಿಸಿದರೂ ಜಗ್ಗದ್ದನ್ನು, ಕಾಯುವುದನ್ನು ಹೇಳುತ್ತ ಹೋದಳು. ಅವಳ ಕೈಗಳು ಗಾಳಿಯಲ್ಲಿ ಗೋಡೆಯ ಮೇಲೆ ಗೋಡೆ ಕಟ್ಟುತ್ತಿದ್ದವು, ದನಿ ಬೆಚ್ಚಗಾಗಿತ್ತು.

“ನೀವ ಅದನ್ನ ಹೊಗಳಾಕತ್ತೀರಿ,” ಎಂದಳು ಸರಿತಾ.

ಕೈಗಳು ಮಡಿಲಿಗೆ ಇಳಿದವು. “ಹೌದವ್ವ,” ಎಂದಳು ತಾರವ್ವ. ಸುಳ್ಳು ಹೇಳಲು ಬರಲಿಲ್ಲ.

ಸರಿತಾ ಅಂಗಾತ ಹೊರಳಿ ಸೂರು ನೋಡಿದಳು. ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಗೆ ಹೋಯಿತು, ಒರೆಸಿಕೊಳ್ಳಲಿಲ್ಲ. ಕೂಸು ತೋಳಿನ ಮೇಲಿತ್ತು.

“ಯಾಕರ ಹೇಳಿದ್ರಿ? ಹೇಳದಿದ್ರ ನಾ ಆರಾಮ ಮಲಗತಿದ್ದೆ. ಇನ್ನ ನನಗ ನಿದ್ದಿ ಬರೂದಿಲ್ಲ.”

“ನಾ ಎಚ್ಚರ ಇರತೇನಿ. ನೀ ಮಲಕ್ಕೊ.”

“ನಿಮ್ಮ ಮ್ಯಾಲ ಸಿಟ್ಟ ಐತಿ ನನಗ.”

“ಇರಲಿ. ದಿನಾ ಬರತೇನಿ. ಸಿಟ್ಟಿದ್ರೂ ನೋಡಗೊಡು.”

ಹೊರಗೆ ಯಾವುದೋ ಗಾಡಿ ಹಾರ್ನು ಹೊಡೆಯುತ್ತ ಹೋಯಿತು, ಕೂಸು ಬೆಚ್ಚಿ ಮುಖ ಕಿವುಚಿ ಮತ್ತೆ ಸಡಿಲಾಯಿತು. ತಾರವ್ವ ಏಳಲಿಲ್ಲ. ತನ್ನನ್ನು ಹೊರಗೆ ಕಳಿಸುವ ಹಕ್ಕು ಈ ಹುಡುಗಿಗಿದೆ, ಕಳಿಸಿದರೆ ಬಾಗಿಲ ಆಚೆಯ ಬೆಂಚಿನ ಮೇಲೆ ಕೂಡುವುದು ಎಂದುಕೊಂಡಳು. ಆಗ ಸರಿತಾ ಬಿರಿದ ಬೆರಳುಗಳಿಂದ ಹೊದಿಕೆಯನ್ನು ತಾನೇ ಸರಿಸಿದಳು. ತಾರವ್ವ ಎದ್ದು ಹೋಗಿ, ಮೊಣಕೈ ತನಕ ಸಾಬೂನು ಹಚ್ಚಿ ಕೈ ತೊಳೆದು, ಒಣಗಿಸಿಕೊಂಡು ಬಂದಳು. ಗಾಯದ ಪಟ್ಟಿಯನ್ನು ಬಿಚ್ಚಲಿಲ್ಲ, ಅದು ಬಿಚ್ಚುವ ಹೊತ್ತಲ್ಲ. ಪಟ್ಟಿಯ ಸುತ್ತಲಿನ ಮೈಯನ್ನು ಅಂಗೈಯ ಹಿಂಬದಿಯಿಂದ, ಜ್ವರದ ಕೂಸಿನ ಹಣೆ ಮುಟ್ಟುವಂತೆ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮುಟ್ಟುತ್ತ ಹೋದಳು. ಎಡಗಡೆ ತಂಪಾಗಿತ್ತು. ನಡುವೆ ತಂಪಾಗಿತ್ತು. ಬಲಗಡೆ ಸ್ವಲ್ಪ ಬೆಚ್ಚಗಿದ್ದಂತೆ ಅನ್ನಿಸಿ ಕೈಯನ್ನು ಅಲ್ಲೇ ಇಟ್ಟಳು. ಅದು ಕೂಸು ಒರಗಿದ್ದ ಬಿಸಿ. ಕೂಸನ್ನು ಅತ್ತ ಸರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟಿದಳು. ತಂಪು. ಇವತ್ತಿಗೆ ಇಷ್ಟು. ಸಂಜೆ ಮತ್ತೆ ನೋಡಬೇಕು, ನಾಳೆ ನೋಡಬೇಕು, ಆ ಚಿಪ್ಪಿನವರು ಕಾಯುವಷ್ಟು ಕಾಯಲು ಆಗದಿದ್ದರೂ ಈ ಹುಡುಗಿ ನಡೆದು ಮನೆಗೆ ಹೋಗುವ ತನಕವಾದರೂ ಕಾಯಬೇಕು. ಏನಾತು ಎಂದಳು ಸರಿತಾ, ಕಣ್ಣು ಮುಚ್ಚಿಕೊಂಡೇ. ಈಗ ಏನೂ ಇಲ್ಲ ಎಂದಳು ತಾರವ್ವ. ಹುಡುಗಿ ಹೊದಿಕೆಯನ್ನು ಮೇಲಕ್ಕೆ ಎಳೆದುಕೊಳ್ಳದೆ, ಸರಿಸಿದ್ದಲ್ಲಿಯೇ ಬಿಟ್ಟಳು.